ಬೆರಳುದ್ದದ ಉಗ್ರಾಣ

ನನ್ನ ಭಾವನಿಗೆ ಸಾಗರದಲ್ಲಿ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಕರಪತ್ರ, ಶ್ರದ್ಧಾಂಜಲಿಯ ಫ್ಲೆಕ್ಸು, ಹೀಗೆ ಆ ಪೇಟೆಯ ಸುಖದುಃಖಗಳೆಲ್ಲ ಅವರ ಒಂದು ಹಳೆಯ ಲ್ಯಾಪ್‌ಟಾಪಿನ ಮೂಲಕವೇ ಹಾದುಹೋಗಬೇಕು. ಬೆಳಿಗ್ಗೆ ಅಂಗಡಿಗೆ ಬಂದವರು ಮೊದಲು ಮಾಡುವ ಕೆಲಸ ಅದರ ಗುಂಡಿ ಒತ್ತುವುದು. ಆಮೇಲೆ ಶಟರ್ ಪೂರ್ತಿ ಎತ್ತಿ, ಕಸ ಗುಡಿಸಿ, ಗಣಪತಿ ಪಟಕ್ಕೆ ಊದುಬತ್ತಿ ಹಚ್ಚಿ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುತ್ತಾರೆ. ಅಷ್ಟರಲ್ಲಿ ಪರದೆಯ ಮೇಲೆ ಐಕಾನುಗಳು ಒಂದೊಂದಾಗಿ ಕಣ್ಣು ಬಿಡುತ್ತಿರುತ್ತವೆ. ಕೋರೆಲ್‌ಡ್ರಾ ತೆರೆಯಬೇಕಾದರೆ ಬಂದ ಗಿರಾಕಿಯ ಮನೆಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿ ಮುಗಿಸಬೇಕು. "ಈ ಲ್ಯಾಪ್‌ಟಾಪಿಂದಾಗಿಯೇ ನನಗೆ ಇಷ್ಟು ಜನ ಪರಿಚಯ ಮಾರಾಯ" ಎಂದು ಭಾವ ಹೇಳುವುದುಂಟು.

ದಸರೆ ರಜೆಗೆ ಊರಿಗೆ ಹೊರಟಾಗ ಹಾರ್ಡ್ ಡಿಸ್ಕಿನ ಬದಲು ಫ್ಲ್ಯಾಷ್ ಮೆಮರಿಯ ಎಸ್‌ಎಸ್‌ಡಿ ಹಾಕಿ ಈ ಕಷ್ಟ ಪರಿಹರಿಸಿಯೇ ಬಿಡೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಒಂದು ಅಂಗಡಿಯ ಹುಡುಗ "ಯಾವ ಮಾಡೆಲ್‌ಗೆ ಸಾರ್?" ಎಂದು ಕೇಳಿದ. "ಅದೆಲ್ಲ ಗೊತ್ತಿದೆ, ಎಂ.2 ಕೊಡಿ" ಎಂದೆ. ಭಾವನ ಲ್ಯಾಪ್‌ಟಾಪಿನಲ್ಲಿ ಎಂ.2 ಸ್ಲಾಟ್ ಇದೆ ಎಂದು ಎಲ್ಲೋ ಓದಿದ್ದೆನಲ್ಲ, ಆ ಧೈರ್ಯ. ಒಂದು ಟಿಬಿಯ ಎನ್‌ವಿಎಂಇ ಡ್ರೈವ್ ಅಂಗಿಯ ಜೇಬಿಗೆ ಸೇರಿತು. ರಾತ್ರಿ ಬಸ್ಸಿನಲ್ಲಿ ಅದು ಇದೆಯೋ ಬಿದ್ದಿದೆಯೋ ಎಂದು ಮೂರು ಸಲ ತಡವಿ ನೋಡಿಕೊಂಡೆ. ಅಷ್ಟು ಹಗುರ.

ಮರುದಿನ ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬೋರಲು ಮಲಗಿತು. ತಿರುಪುಗಳನ್ನು ಬಿಚ್ಚಿ ತಟ್ಟೆಗೆ ಹಾಕಿ, ತಳದ ಮುಚ್ಚಳ ತೆಗೆದೆವು. ಸ್ಲಾಟ್ ಇತ್ತು, ಆದರೆ ನಾನು ತಂದದ್ದು ಅದರೊಳಗೆ ಹೋಗಲೊಲ್ಲದು. ಡ್ರೈವಿನ ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ಒಂದು ಕಡೆ ಸಣ್ಣ ಕಚ್ಚು ಇರುತ್ತದೆ. ಸ್ಲಾಟಿನೊಳಗೆ ಆ ಕಚ್ಚಿಗೆ ಸರಿಯಾಗಿ ಕೂರುವ ಗೋಡೆ. ನನ್ನ ಡ್ರೈವಿನ ಕಚ್ಚು ಬಲಕ್ಕೆ, ಸ್ಲಾಟಿನ ಗೋಡೆ ಎಡಕ್ಕೆ. ಉದ್ದವೂ ಹೆಚ್ಚು, ಡ್ರೈವು ತಿರುಪಿನ ಜಾಗ ದಾಟಿ ಬ್ಯಾಟರಿಯ ಮೇಲೆ ಚಾಚಿಕೊಂಡಿತ್ತು. ಆ ಸ್ಲಾಟು ಇದ್ದದ್ದು ಸಿಮ್ ಹಾಕಿ ಇಂಟರ್ನೆಟ್ ಪಡೆಯುವ ಕಾರ್ಡಿಗಾಗಿ ಎಂದು ಆಮೇಲೆ ತಿಳಿಯಿತು. ಭಾವ ಕನ್ನಡಕ ಮೇಲೇರಿಸಿ ನೋಡಿ, "ಎಂತ ಮಾರಾಯ, ಹೆಣ್ಣು ನೋಡದೆ ಬಳೆ ತಂದ ಹಾಗಾಯ್ತಲ" ಎಂದರು.

ಎಸ್‌ಎಸ್‌ಡಿ ಕೊಳ್ಳುವ ವಿಷಯದಲ್ಲಿ ನನಗೆ ಗೊತ್ತಿರುವುದರ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲೇ ಇದೆ. ನಾವು ಡಬ್ಬಿಯ ಮೇಲಿನ ಅಂಕಿಗೆ ಮರುಳಾಗುತ್ತೇವೆ. ನೋಡಬೇಕಾದದ್ದು ನಮ್ಮ ಯಂತ್ರದ ಕೈ ಎಷ್ಟು ದಪ್ಪ ಎಂಬುದನ್ನು.

ಎಂ.2 ಎಂಬುದು ಬರೀ ಆಕಾರದ ಹೆಸರು. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಡ್ರೈವಿನ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಇವತ್ತಿನ ಹೆಚ್ಚಿನ ಲ್ಯಾಪ್‌ಟಾಪು, ಮದರ್‌ಬೋರ್ಡುಗಳಿಗೆ ಇದೇ ಅಳತೆ. 2242 ಅದರ ಅರ್ಧದಷ್ಟು. 2230 ಇನ್ನೂ ಮೊಟಕು, ಹೆಚ್ಚುಕಮ್ಮಿ ಅಂಚೆಚೀಟಿಯಷ್ಟು. ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲೂ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲೂ ಇರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೇ ಸಾಮಾನು ತುಂಬಬೇಕಾದ್ದರಿಂದ 2230ಕ್ಕೆ ಸಾಮಾನ್ಯವಾಗಿ ಬೆಲೆ ಜಾಸ್ತಿ, ಆಯ್ಕೆ ಕಮ್ಮಿ. ಉದ್ದದ ಜಾಗದಲ್ಲಿ ಗಿಡ್ಡದ್ದನ್ನು ಹೇಗಾದರೂ ಕೂರಿಸಬಹುದು. ಗಿಡ್ಡ ಜಾಗಕ್ಕೆ ಉದ್ದದ್ದು ತಂದರೆ ನನ್ನ ಗತಿ.

ಈ ಆಕಾರದೊಳಗಿನ ಡ್ರೈವು ಎರಡು ಭಾಷೆಗಳಲ್ಲಿ ಒಂದನ್ನು ಆಡುತ್ತದೆ: ಸಾಟಾ, ಇಲ್ಲವೇ ಎನ್‌ವಿಎಂಇ. ಸಾಟಾ ಹಾರ್ಡ್ ಡಿಸ್ಕಿನ ಕಾಲದ್ದು. ಆಜ್ಞೆಗಳಿಗೆ ಒಂದೇ ಸರದಿ, ಅದರಲ್ಲಿ ಒಮ್ಮೆಗೆ 32 ಜನ ಮಾತ್ರ ನಿಲ್ಲಬಹುದು. 2011ರಲ್ಲಿ ಬಂದ ಎನ್‌ವಿಎಂಇ ಫ್ಲ್ಯಾಷ್ ಮೆಮರಿಗೆಂದೇ ಹೊಸದಾಗಿ ಬರೆದದ್ದು. ಅರವತ್ತು ಸಾವಿರಕ್ಕೂ ಹೆಚ್ಚು ಸರದಿಗಳಿಗೆ ಅದರಲ್ಲಿ ಅವಕಾಶವಿದೆ. ಎರಡು ಕಚ್ಚುಗಳಿರುವ ಎಂ.2 ಡ್ರೈವು ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚಿರುವುದು ಸಾಮಾನ್ಯವಾಗಿ ಎನ್‌ವಿಎಂಇ. ಆದರೆ ಕಚ್ಚು ನೋಡಿದರಷ್ಟೇ ಸಾಲದು: ಎರಡು ಕಚ್ಚಿನದು ಎರಡೂ ಬಗೆಯ ಸ್ಲಾಟಿನಲ್ಲಿ ಸಲೀಸಾಗಿ ಕೂತರೂ, ಒಳಗಿನ ತಂತಿ ಅದರ ಭಾಷೆಯದಲ್ಲದಿದ್ದರೆ ಕಂಪ್ಯೂಟರು ಅದರತ್ತ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ತಳದ ಮಾಡೆಲ್ ಸಂಖ್ಯೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು, ತಯಾರಕರ ಕೈಪಿಡಿಯಲ್ಲಿ ಸ್ಟೋರೇಜ್ ಎಂಬಲ್ಲಿ ಏನು ಬರೆದಿದೆ ನೋಡಬೇಕು. ಎಸ್.ಪಿ. ರಸ್ತೆಯ ಆ ಹುಡುಗ ಕೇಳಿದ್ದೂ ಅದನ್ನೇ.

ವೇಗವೆಂಬ ಮಾಯೆ

ಹಾರ್ಡ್ ಡಿಸ್ಕ್ ಯಾಕಷ್ಟು ನಿಧಾನ? ಭಾವನ ಲ್ಯಾಪ್‌ಟಾಪಿನದು ನಿಮಿಷಕ್ಕೆ 5400 ಸುತ್ತು ತಿರುಗುವ ಜಾತಿ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಅಕ್ಷರ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಸೂಜಿಯ ತೋಳು ಆ ಪಟ್ಟಿಯ ಮೇಲಕ್ಕೆ ಸರಿಯಬೇಕು. ಎರಡೂ ಸೇರಿ ಒಂದು ಚೂರು ಹುಡುಕಲು 15 ಮಿಲಿಸೆಕೆಂಡಿಗೆ ಮೋಸವಿಲ್ಲ. ವಿಂಡೋಸ್ ಏಳುವಾಗ ಇಂಥ ಸಣ್ಣ ಚೂರುಗಳನ್ನು ಸಾವಿರಗಟ್ಟಲೆ ಕೇಳುತ್ತದೆ. ಒಂದು ಸಾವಿರಕ್ಕೆ 15 ಸೆಕೆಂಡು. ಐದಾರು ಸಾವಿರವಾದರೆ ಚಹಾ ಕುಡಿದು ಬರಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಒಂದು ಚೂರಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ. ಅದೇ ಸಾವಿರ ಚೂರುಗಳು ಕಣ್ಣು ಮಿಟುಕಿಸುವುದರಲ್ಲಿ ಬಂದು ನಿಲ್ಲುತ್ತವೆ.

ಈ ಲೆಕ್ಕ ಹೊಟ್ಟೆಗೆ ಇಳಿದರೆ ಉಳಿದ ಜಾಹೀರಾತು ತಲೆಗೆ ಏರುವುದಿಲ್ಲ. ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ. ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದು 3500, ನಾಲ್ಕನೆಯದು 7000, ಐದನೆಯದು 14,000 ಎಂಬಿಯ ಆಸುಪಾಸು. ಒಂದಕ್ಕೆ ಎರಡಾಗುತ್ತ ಹೋಗುವ ಈ ಅಂಕಿಗಳು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುತ್ತವೆ. ಅವು ಸುಳ್ಳಲ್ಲ. ಆದರೆ ಅವೆಲ್ಲ ಒಂದೇ ದೊಡ್ಡ ಫೈಲನ್ನು ಉದ್ದಕ್ಕೆ ಓದುವಾಗಿನ ವೇಗ. ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ, ನೂರಾರು ಜಿಬಿ ಅತ್ತಿಂದಿತ್ತ ಸಾಗಿಸುವವರಿಗೆ ಅದು ಬೇಕು. ಆಫೀಸಿನ ಕೆಲಸ, ಬ್ರೌಸರು, ಟ್ಯಾಲಿ, ನುಡಿ, ಮಕ್ಕಳ ಪ್ರಾಜೆಕ್ಟು ಇಷ್ಟಕ್ಕೆ ಕಂಪ್ಯೂಟರು ಕೇಳುವುದು ಸಣ್ಣ ಚೂರುಗಳನ್ನೇ. ಅಲ್ಲಿ ಮೂರನೇ ತಲೆಮಾರಿಗೂ ಐದನೆಯದಕ್ಕೂ ಇರುವ ವ್ಯತ್ಯಾಸ ಸ್ಟಾಪ್‌ವಾಚಿಗೆ ಕಂಡೀತೇ ಹೊರತು ಮನುಷ್ಯನ ಕಣ್ಣಿಗಲ್ಲ. ಹಾರ್ಡ್ ಡಿಸ್ಕಿನಿಂದ ಯಾವುದಾದರೂ ಎಸ್‌ಎಸ್‌ಡಿಗೆ ಬರುವುದು ಎತ್ತಿನ ಗಾಡಿ ಇಳಿದು ಬಸ್ಸು ಹತ್ತಿದ ಹಾಗೆ. ಅಲ್ಲಿಂದ ಮುಂದಕ್ಕೆ ಕೊಡುವ ದುಡ್ಡೆಲ್ಲ ಪೇಟೆಯೊಳಗೆ ಓಡಿಸಲು ರೇಸ್ ಕಾರು ಕೊಂಡ ಹಾಗೆ. ಐದನೇ ತಲೆಮಾರಿನವು ಬಿಸಿಯಾಗುವುದೂ ಜಾಸ್ತಿ. ಹಲವು ತಲೆಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಹೊತ್ತುಕೊಂಡೇ ಬರುತ್ತವೆ. ತೆಳು ಲ್ಯಾಪ್‌ಟಾಪಿನಲ್ಲಿ ಆ ಪಟ್ಟಿಗೆ ಜಾಗವಿಲ್ಲ. ಬಿಸಿ ಏರಿದ ಡ್ರೈವು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ವೇಗಕ್ಕೆ ಕೊಡುವ ದುಡ್ಡನ್ನು ಜಾಗಕ್ಕೆ ಕೊಡಿ. 512 ಜಿಬಿಯ ಅತಿವೇಗದ ಡ್ರೈವಿಗಿಂತ ಒಂದು ಟಿಬಿಯ ಸಾಧಾರಣ ಡ್ರೈವು ಮೇಲು. ಜಾಗ ಇದ್ದರೆ ಡ್ರೈವು ಬಾಳಿಕೆಯೂ ಬರುತ್ತದೆ. ಯಾಕೆಂದರೆ ಫ್ಲ್ಯಾಷ್ ಮೆಮರಿಯದು ಒಂದು ವಿಚಿತ್ರ ಸ್ವಭಾವ: ಬರೆಯುವಾಗ ಸಾಲು ಸಾಲಾಗಿ ಬರೆಯಬಹುದು, ಅಳಿಸುವಾಗ ಮಾತ್ರ ದೊಡ್ಡ ತುಂಡನ್ನೇ ಅಳಿಸಬೇಕು. ಸ್ಲೇಟಿನಲ್ಲಿ ಒಂದು ಅಕ್ಷರ ತಪ್ಪಿದರೆ ಉಳಿದದ್ದನ್ನು ಬೇರೆ ಸ್ಲೇಟಿಗೆ ನಕಲು ಮಾಡಿ ಇಡೀ ಸ್ಲೇಟು ಒರೆಸಿದಂತೆ. ಖಾಲಿ ಸ್ಲೇಟು ಸಾಕಷ್ಟಿದ್ದರೆ ಈ ಕೆಲಸ ಸಾವಧಾನವಾಗಿ ನಡೆಯುತ್ತದೆ. ಡ್ರೈವು ಕಂಠಮಟ್ಟ ತುಂಬಿದ್ದರೆ ಪ್ರತಿಯೊಂದಕ್ಕೂ ಒದ್ದಾಟ. ಐದರಲ್ಲೊಂದು ಪಾಲು ಖಾಲಿ ಬಿಟ್ಟರೆ ಒಳ್ಳೆಯದು.

ಈ ಸ್ವಭಾವದ ಮೆಮರಿಯನ್ನು ಜಗತ್ತಿಗೆ ಕೊಟ್ಟವರು ಫುಜಿಯೊ ಮಸುವೊಕಾ, ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್. 1984ರಲ್ಲಿ ಫ್ಲ್ಯಾಷ್ ಮೆಮರಿಯ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಪ್ರಬಂಧ ಓದಿದರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಎಂಬ ಬಗೆ 1987ರದು. ಇಡೀ ತುಂಡು ಒಮ್ಮೆಲೇ ಅಳಿದುಹೋಗುವುದು ಕ್ಯಾಮೆರಾ ಫ್ಲ್ಯಾಷಿನ ಹಾಗಿದೆ ಎಂದು ಸಹೋದ್ಯೋಗಿ ಶೋಜಿ ಅರಿಯಿಜುಮಿ ಹೇಳಿದ್ದರಿಂದ ಆ ಹೆಸರು ಬಂತು. ಮಸುವೊಕಾ ಮುಂದೆ ಕಂಪನಿ ಬಿಟ್ಟು ಪ್ರಾಧ್ಯಾಪಕರಾದರು. ತಮ್ಮ ಶೋಧಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು 2004ರಲ್ಲಿ ತೋಷಿಬಾದ ಮೇಲೆ ದಾವೆ ಹೂಡಿ, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾದರು. ಅಷ್ಟು ಹೊತ್ತಿಗೆ ಅವರ ಶೋಧ ಲೋಕದ ಜೇಬುಗಳಿಗೆಲ್ಲ ಇಳಿದಾಗಿತ್ತು. ವ್ಯಾಪಾರ ಮಾಡಿದವರಲ್ಲಿ ಮುಂಚೂಣಿಯಲ್ಲಿದ್ದದ್ದು 1988ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಯಾನ್‌ಡಿಸ್ಕ್. ಅದರ ಮೂವರು ಸ್ಥಾಪಕರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹರೋತ್ರಾ ಒಬ್ಬರು. 1991ರಲ್ಲಿ ಅವರು ಐಬಿಎಂಗೆ ಕೊಟ್ಟ ಎಸ್‌ಎಸ್‌ಡಿಯ ಗಾತ್ರ 20 ಎಂಬಿ, ಬೆಲೆ ಸುಮಾರು 1000 ಡಾಲರ್. ಭಾವ ಮಾಡುವ ಒಂದು ಫ್ಲೆಕ್ಸಿನ ಫೈಲು ಅದರಲ್ಲಿ ಹಿಡಿಸಲಿಕ್ಕಿಲ್ಲ.

ಸೇರು, ಪಾವು, ಚಟಾಕು

ಬೆಲೆ ಇಳಿದದ್ದು ಹೇಗೆ ಎಂಬುದರಲ್ಲೇ ಆಯ್ಕೆಯ ಇನ್ನೊಂದು ಸುಳಿವಿದೆ. ನ್ಯಾಂಡ್ ಎಂದರೆ ವಿದ್ಯುದಂಶವನ್ನು ಹಿಡಿದಿಡುವ ಕೋಟಿಗಟ್ಟಲೆ ಪುಟ್ಟ ಪಾತ್ರೆಗಳು. ಮೊದಲು ಒಂದು ಪಾತ್ರೆಯಲ್ಲಿ ಒಂದೇ ಬಿಟ್: ತುಂಬಿದೆಯೋ, ಖಾಲಿಯೋ. ಆಮೇಲೆ ಅದೇ ಪಾತ್ರೆಗೆ ಗೆರೆ ಕೊರೆದರು. ಅಚ್ಚೇರು, ಪಾವು, ಅರೆಪಾವು ಎಂದು ಮಟ್ಟ ಗುರುತಿಸಿದರೆ ಒಂದೇ ಪಾತ್ರೆಯಲ್ಲಿ ಹೆಚ್ಚು ಸುದ್ದಿ ಇಡಬಹುದಲ್ಲ? ಮೂರು ಬಿಟ್ ಇಡಲು ಎಂಟು ಮಟ್ಟ, ಅದು ಟಿಎಲ್‌ಸಿ. ನಾಲ್ಕು ಬಿಟ್ಟಿಗೆ ಹದಿನಾರು ಮಟ್ಟ, ಅದು ಕ್ಯೂಎಲ್‌ಸಿ. ಹದಿನಾರು ಗೆರೆಯ ಪಾತ್ರೆಯಲ್ಲಿ ಅಳತೆ ತಪ್ಪದಂತೆ ಸುರಿಯಲು ಹೊತ್ತು ಬೇಕು, ಪಾತ್ರೆ ಸವೆದಂತೆ ಗೆರೆ ಗುರುತಿಸುವುದೂ ಕಷ್ಟ. ಹಾಗಾಗಿ ಕ್ಯೂಎಲ್‌ಸಿ ಅಗ್ಗ, ಬರೆಯುವುದು ನಿಧಾನ, ಬಾಳಿಕೆ ಕಡಿಮೆ. ಫೋಟೋ, ಸಿನಿಮಾ ತುಂಬಿಟ್ಟು ಬೇಕಾದಾಗ ನೋಡುವವರಿಗೆ ಅದೇ ಸಾಕು. ದಿನವಿಡೀ ಕೆಲಸ ಮಾಡುವ ಏಕೈಕ ಡ್ರೈವು ಆಗಿದ್ದರೆ ಟಿಎಲ್‌ಸಿ ಎಂದು ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳುವುದು ಲೇಸು.

ಡಬ್ಬಿಯ ಮೇಲೆ ಇದನ್ನು ಬರೆದೇ ಇರುತ್ತಾರೆಂದಿಲ್ಲ. ಬರೆದರೂ ಇಂದು ಇದ್ದದ್ದು ನಾಳೆ ಇರಬೇಕೆಂದೂ ಇಲ್ಲ. 2021ರಲ್ಲಿ ಹೆಸರುವಾಸಿ ಕಂಪನಿಗಳೇ ಹೊರಗಿನ ಹೆಸರು ಹಾಗೇ ಇಟ್ಟುಕೊಂಡು ಒಳಗಿನ ಚಿಪ್ಪು ಬದಲಿಸಿ ಮಾರಿದ್ದು ಸಿಕ್ಕಿಬಿದ್ದಿತ್ತು.

ಇನ್ನು ಜಗಲಿಯ ವಿಷಯ. ಅಡಿಕೆ ಮೂಟೆ ಬಂದಾಗ ನೇರ ಉಗ್ರಾಣಕ್ಕೆ ಒಯ್ಯದೆ ಮೊದಲು ಜಗಲಿಯಲ್ಲಿ ಇಳಿಸಿಕೊಂಡು, ಪುರುಸೊತ್ತಾದಾಗ ಒಳಗೆ ಸಾಗಿಸುವುದಿಲ್ಲವೇ? ಈ ಡ್ರೈವುಗಳೂ ಹಾಗೆಯೇ. ಕೆಲವು ಪಾತ್ರೆಗಳನ್ನು ಒಂದೇ ಬಿಟ್ಟಿನ ಲೆಕ್ಕದಲ್ಲಿ ಬಳಸಿ ಸರಕನ್ನು ಗಡಿಬಿಡಿಯಲ್ಲಿ ಇಳಿಸಿಕೊಳ್ಳುತ್ತವೆ, ಆಮೇಲೆ ಒಳಗೆ ಜೋಡಿಸುತ್ತವೆ. ಬರೆಯುವುದಕ್ಕೆ ಜಾಹೀರಾತು ಹೇಳುವ ವೇಗ ಈ ಜಗಲಿಯ ವೇಗ. ಜಗಲಿ ತುಂಬಿದ ಮೇಲೂ ಲಾರಿ ಬರುತ್ತಲೇ ಇದ್ದರೆ ನಿಜವಾದ ವೇಗ ಹೊರಬೀಳುತ್ತದೆ. ಅಗ್ಗದ ಕ್ಯೂಎಲ್‌ಸಿ ಡ್ರೈವು ಆಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಡಿರ್‍ಯಾಮ್ ಇದೆಯೋ ಇಲ್ಲವೋ ಎಂಬುದೂ ಒಂದು ಪ್ರಶ್ನೆ. ಯಾವ ಸಾಮಾನು ಎಲ್ಲಿದೆ ಎಂಬ ಖಾತೆಪುಸ್ತಕವನ್ನು ಕೈಗೆಟಕುವಂತೆ ಇಡುವ ಜಾಗ ಅದು. ಅಗ್ಗದ ಡ್ರೈವುಗಳಲ್ಲಿ ಇರುವುದಿಲ್ಲ. ಎನ್‌ವಿಎಂಇ ಆದರೆ ಚಿಂತೆಯಿಲ್ಲ, ಕಂಪ್ಯೂಟರಿನದೇ ಮೆಮರಿಯಲ್ಲಿ ಸ್ವಲ್ಪ ಸಾಲ ಪಡೆದು ಸುಧಾರಿಸುತ್ತದೆ. ಸಾಟಾದಲ್ಲಿ ಆ ಸಾಲದ ಅನುಕೂಲವಿಲ್ಲ. ಸಾಟಾ ಕೊಳ್ಳುವವರು ಮಾತ್ರ ಡಿರ್‍ಯಾಮ್ ಇರುವುದಕ್ಕೆ ನೂರಿನ್ನೂರು ಹೆಚ್ಚು ಕೊಡಬಹುದು.

ಸವೆತದ ಭಯ ಬಹಳ ಜನರಿಗೆ. ಅದಕ್ಕೆ ಟಿಬಿಡಬ್ಲ್ಯು ಎಂಬ ಅಂಕಿ ನೋಡಬೇಕು. ಒಂದು ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವಿಗೆ ಸಾಮಾನ್ಯವಾಗಿ 600 ಇರುತ್ತದೆ, ಎಂದರೆ 600 ಟಿಬಿ ಬರೆಯುವವರೆಗೆ ಗ್ಯಾರಂಟಿ, ಇಲ್ಲವೇ ಐದು ವರ್ಷ, ಯಾವುದು ಮೊದಲೋ ಅದು. ಐದು ವರ್ಷದಲ್ಲಿ ಅದನ್ನು ಮುಗಿಸಬೇಕಾದರೆ ದಿನಕ್ಕೆ ಸುಮಾರು 329 ಜಿಬಿ ಬರೆಯಬೇಕು. ದಿನಕ್ಕೆ 10 ಜಿಬಿ ಬರೆಯುವ ನಮ್ಮಂಥವರು ನೂರ ಅರವತ್ತು ವರ್ಷ ಬದುಕಬೇಕು. ಎಸ್‌ಎಸ್‌ಡಿಗಳು ಸಾಯುತ್ತವೆ, ನಿಜ. ಸವೆದು ಸಾಯುವುದು ಅಪರೂಪ. ಹೆಚ್ಚಿನವು ಕಂಟ್ರೋಲರ್ ಕೆಟ್ಟೋ, ಫರ್ಮ್‌ವೇರ್ ತಪ್ಪಿನಿಂದಲೋ ಹೋಗುತ್ತವೆ. ಹೋಗುವ ರೀತಿ ಮಾತ್ರ ಹೆದರಿಕೆ ಹುಟ್ಟಿಸುವಂಥದ್ದು. ಹಾರ್ಡ್ ಡಿಸ್ಕು ಕಟಕಟ ಸದ್ದು ಮಾಡಿ, ವಾರಗಟ್ಟಲೆ ನರಳಿ, ಮನೆಯವರನ್ನೆಲ್ಲ ಎಬ್ಬಿಸಿ ಹೋಗುತ್ತದೆ. ಎಸ್‌ಎಸ್‌ಡಿ ನಿನ್ನೆ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಇಲ್ಲ. ಒಳಗಿದ್ದದ್ದನ್ನು ಮರಳಿ ಪಡೆಯುವುದೂ ದುಸ್ತರ. ಬ್ಯಾಕಪ್ಪಿಗೆಂದು ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದೂ ಒಳ್ಳೆಯದಲ್ಲ, ವಿದ್ಯುತ್ ಕಾಣದ ಪಾತ್ರೆಗಳು ಮೆಲ್ಲಗೆ ಸೋರುತ್ತವೆ. ಆ ಕೆಲಸಕ್ಕೆ ಹಳೆಯ ತಿರುಗುವ ಡಿಸ್ಕೇ ವಾಸಿ.

ಎಸ್.ಪಿ. ರಸ್ತೆಯಲ್ಲಿ "ಜಿಎಸ್‌ಟಿ ಬಿಲ್ ಬೇಕಾ ಸಾರ್?" ಎಂದು ಕೇಳುತ್ತಾರೆ. ಬೇಕು. ಶೇ. 18 ಉಳಿಸಲು ಹೋಗಿ ಐದು ವರ್ಷದ ವಾರಂಟಿಯನ್ನು ಅಲ್ಲೇ ಬಿಟ್ಟು ಬರುವವರನ್ನು ನೋಡಿದ್ದೇನೆ. ಡಬ್ಬಿಯಿಲ್ಲದೆ ಬಿಡಿಯಾಗಿ ಸಿಗುವವು ಹೆಚ್ಚಾಗಿ ಬೇರೆ ಲ್ಯಾಪ್‌ಟಾಪಿನಿಂದ ಕಿತ್ತವು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದರೆ ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಎಂಬುದನ್ನೆಲ್ಲ ಅದೇ ಹೇಳುತ್ತದೆ. ಇನ್ನು ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಗೆ 16 ಟಿಬಿ ಎಂದು ಕಂಡರೆ ಮುಟ್ಟಬೇಡಿ. ಅಂಥವನ್ನು ಒಡೆದವರಿಗೆ ಒಳಗೆ ಸಿಕ್ಕಿದ್ದು ಅಂಟು ಹಚ್ಚಿ ಕೂರಿಸಿದ ಮೈಕ್ರೋ ಎಸ್‌ಡಿ ಕಾರ್ಡು.

ಬೆಲೆಯ ಬಗ್ಗೆ ನಾನು ಏನು ಬರೆದರೂ ಈ ಪುರವಣಿ ನಿಮ್ಮ ಕೈ ಸೇರುವಷ್ಟರಲ್ಲಿ ಹಳತಾಗಬಹುದು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮರಿಯನ್ನೆಲ್ಲ ಮುಕ್ಕುತ್ತಿವೆ. ಅದೇ ಮೆಹರೋತ್ರಾ ಈಗ ಮುನ್ನಡೆಸುವ ಮೈಕ್ರಾನ್, ಕ್ರೂಷಿಯಲ್ ಹೆಸರಿನಲ್ಲಿ ನಮ್ಮ ನಿಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಕಚೇರಿಗಳಲ್ಲಿ ಈ ಡ್ರೈವುಗಳಿಗೆ ಬುದ್ಧಿ ಬರೆಯುವ ಎಂಜಿನಿಯರುಗಳು ಕೂತಿದ್ದಾರೆ. ಅದೇ ಊರಿನ ಅಂಗಡಿಯಲ್ಲಿ ನಾವು ಚೌಕಾಶಿ ಮಾಡುತ್ತಿರುತ್ತೇವೆ.

ಭಾವನ ಕತೆಗೆ ಬರುತ್ತೇನೆ. ಮರುದಿನ ಶಿವಮೊಗ್ಗಕ್ಕೆ ಹೋಗಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆ, 500 ಜಿಬಿಯದು. ಹಾರ್ಡ್ ಡಿಸ್ಕ್ ಇದ್ದ ಗೂಡಿನಲ್ಲಿ ಅದು ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಹತ್ತು ವರ್ಷದ ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಸುರಿಯುವುದು ದಂಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ನ್ನು ಈ ಯಂತ್ರ ಒಪ್ಪುವುದಿಲ್ಲ. ಇನ್ನೆರಡು ಮೂರು ವರ್ಷ ಎಳೆದರೆ ಅದೇ ಪುಣ್ಯ. ತೆಗೆದ ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಕವಚದೊಳಗೆ ಹಾಕಿ ಭಾವನ ಕೈಗೆ ಕೊಟ್ಟೆ. ಇಷ್ಟು ವರ್ಷದ ಮದುವೆ ಕಾಗದಗಳೆಲ್ಲ ಅದರಲ್ಲಿವೆ.

ಹೊಸದು ಚಾಲೂ ಆದಾಗ ಭಾವ ಕೇಳಿದ್ದು, "500 ಅಂತ ಬರೆದಿದ್ದು, ಇಲ್ಲಿ 465 ತೋರಿಸ್ತಲ, ಬಾಕಿ 35 ಎಲ್ಲಿ ಹೋಯ್ತು?" ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ, ಎಂದು ವಿವರಿಸಿದೆ. "ಅಡಿಕೆ ಮಂಡಿಯಲ್ಲೂ ಹಿಂಗೇ ಹೇಳ್ತ" ಎಂದರು.

ನಾನು ಬೆಂಗಳೂರಿಗೆ ಮರಳಿದ ಮೂರನೇ ದಿನ ಬೆಳಿಗ್ಗೆ ಫೋನ್ ಬಂತು. "ನಿನ್ನ ಎಸ್‌ಎಸ್‌ಡಿ ಕೆಟ್ಟುಹೋಯ್ತು ಮಾರಾಯ. ಗುಂಡಿ ಒತ್ತಿ ಹೋಗಿ ಚಹಾ ಕುಡಿದು ಬಂದೆ, ಪರದೆ ಪೂರಾ ಕಪ್ಪು." ಎದೆ ಧಸಕ್ಕೆಂದಿತು. ಸದ್ದಿಲ್ಲದೆ ಸಾಯುತ್ತವೆ ಎಂದು ಅವರಿಗೆ ಹೇಳಿ ಬಂದಿದ್ದವನೇ ನಾನು. ಒಂದು ಸಲ ಮೌಸ್ ಅಲ್ಲಾಡಿಸಿ ನೋಡಿ ಭಾವ ಎಂದೆ. ಆ ಕಡೆ ಕ್ಷಣ ಹೊತ್ತು ಮಾತಿಲ್ಲ.

"ಹೋ, ಇದು ಆಗಲೇ ಎದ್ದು, ಕಾದು ಕಾದು, ಮತ್ತೆ ಮಲಗಿಬಿಟ್ಟಿದೆ."